ಒಣ ಸಾಣೆ

ಕಾಂತಾ ಖಾನಾಪುರದ ಆಚೆಯ ಗುಂಜಿ ಊರಿನ ಹುಡುಗಿ. ರೈಲು ನಿಲ್ದಾಣಕ್ಕೂ ಕಾಡಿನ ಅಂಚಿಗೂ ನಡುವೆ ಇದ್ದ ಮನೆಯಲ್ಲಿ, ಅಣ್ಣ ತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ಬಂದು ಹೋಗುವ ನೆಂಟರು ಎಲ್ಲ ಸೇರಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥ ಗದ್ದಲದಲ್ಲಿ ಬೆಳೆದವಳು. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಮುಗಿಯುವ ಮನೆ ಅದು. ಅಲ್ಲಿಂದ ಮದುವೆಯಾಗಿ ಬೆಳಗಾವಿಗೆ ಬಂದಾಗ ಆಕೆಗೆ ಹೊಸ ಊರಿಗಿಂತ ಗಂಡನ ಮೌನಕ್ಕೆ ಒಗ್ಗಿಕೊಳ್ಳುವುದೇ ಕಷ್ಟವಾಯಿತು. ಕಲ್ಲಯ್ಯ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸಂಜೆ ಬಂದು ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗದ ಪೂಜೆ ಮುಗಿಸಿ, ಊಟಕ್ಕೆ ಕೂತರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಏನಾದರೂ ಕೇಳಿದರೆ ‘ಹೂಂ’ ಅನ್ನುವನು. ಇಡೀ ದಿನ ಕಿವಿಯ ಹತ್ತಿರ ಕಿರುಚುವ ಕಲ್ಲಿನ ಜೊತೆ ಇರುವವನಿಗೆ ಮನೆಯಲ್ಲಿ ಸದ್ದು ಬೇಡವಾಗಿರುತ್ತದೆ ಎಂದು ತಿಳಿಯಲು ಆಕೆಗೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ಮಾತಾಡುವ ಚಟ ಆಕೆಗೂ ತಪ್ಪಿಹೋಗಿತ್ತು.

ಅವನ ಕೆಲಸ ಸಾಣೆ ಹಿಡಿಯುವುದು. ಚಕ್ರ ಹೊತ್ತು ಓಣಿ ಓಣಿ ಕೂಗಿಕೊಂಡು ಹೋಗುವ ಸಾಣೆಯಲ್ಲ. ಹರೆಯದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿತು, ಮುಂದೆ ಮಹಾಂತೇಶ ನಗರದ ಹಿಂಭಾಗದಲ್ಲಿ, ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಂದು ತಗಡಿನ ಶೆಡ್ಡು ಹಿಡಿದು, ಹಳೆಯ ಸಾಣೆ ಮಷೀನೊಂದನ್ನು ತಂದು ಕೂರಿಸಿಕೊಂಡಿದ್ದ. ಆಳುದ್ದದ ಮೇಜು, ಅದರ ಮೇಲೆ ಅತ್ತಿಂದಿತ್ತ ಓಡುವ ಕಲ್ಲು. ಪ್ರೆಸ್ಸಿನವರು ಕಾಗದದ ಕಟ್ಟು ಕತ್ತರಿಸುವ ಉದ್ದನೆಯ ಅಲಗುಗಳನ್ನು ಅವನ ಹತ್ತಿರ ತರುತ್ತಿದ್ದರು. ಖಾನಾಪುರದ ಕಟ್ಟಿಗೆ ಅಡ್ಡೆಗಳಿಂದ ಹಲಗೆ ನಯಮಾಡುವ ರಂದಾ ಅಲಗುಗಳನ್ನು ವಾರಕ್ಕೊಮ್ಮೆ ತಾನೇ ಹೋಗಿ ಚೀಲದಲ್ಲಿ ತರುತ್ತಿದ್ದ. ದರ್ಜಿಗಳ ಕತ್ತರಿ, ಕ್ಷೌರದವರ ಕತ್ತರಿ ಇವೆಲ್ಲ ನಡುವೆ ನಡುವೆ.

ಮಷೀನಿಗೆ ನೀರು ಬೇಕು. ಕಲ್ಲು ಉಕ್ಕನ್ನು ತಿನ್ನುವಾಗ ಮೇಲಿನಿಂದ ನೀರು ಬೀಳುತ್ತಿದ್ದರೆ ಅಲಗು ಕಾಯುವುದಿಲ್ಲ, ಪುಡಿ ಹಾರುವುದಿಲ್ಲ. ಮೊದಲ ಕೆಲವು ವರ್ಷ ಕಲ್ಲಯ್ಯ ಹಾಗೆಯೇ ಮಾಡಿದ. ಸುತ್ತ ಖಾಲಿ ನಿವೇಶನಗಳಿದ್ದ ಕಾಲ ಅದು. ಮನೆಗಳು ಎದ್ದ ಮೇಲೆ, ಶೆಡ್ಡಿನಿಂದ ಹೊರಬೀಳುವ ಕಪ್ಪು ನೀರು ಓಣಿಯ ಮಂದಿಗೆ ತೊಂದರೆಯಾಯಿತು. ಅವರು ಹೇಳಿದ್ದು ತಪ್ಪೇನೂ ಅಲ್ಲ, ಮಕ್ಕಳು ಆಡುವ ಜಾಗ. ಕಲ್ಲಯ್ಯ ಗುಂಡಿ ತೋಡಿದ. ಬೆಳಗಾವಿಯ ಮಳೆಗೆ ಗುಂಡಿ ತುಂಬಿ ಮತ್ತೆ ಓಣಿಗೇ ಹರಿಯಿತು. ವಾದ ಮಾಡುವುದು ಅವನ ಸ್ವಭಾವವಲ್ಲ. ಒಂದು ದಿನ ನೀರಿನ ಪಂಪು ಬಿಚ್ಚಿ ಮೂಲೆಗಿಟ್ಟ. ಕಲ್ಲನ್ನು ತೀರ ಹಗುರವಾಗಿ ತಾಕಿಸಿ, ಅಲಗಿನ ಬಣ್ಣ ತಿರುಗುತ್ತದೋ ಎಂದು ಮುಖ ಹತ್ತಿರ ಇಟ್ಟು ನೋಡುತ್ತ, ಒಣದಾಗಿಯೇ ಹಿಡಿಯತೊಡಗಿದ. ಮೂಗಿಗೆ ಒಂದು ಕರವಸ್ತ್ರ ಕಟ್ಟುತ್ತಿದ್ದ, ಅಷ್ಟೇ. ಆಮೇಲೆ ಪ್ಲೈವುಡ್ ಕೊಯ್ಯುವ ದುಂಡು ಗರಗಸಗಳು ಬಂದವು. ಅವುಗಳ ಹಲ್ಲಿನ ತುದಿಗೆ ಉಕ್ಕಿಗಿಂತಲೂ ಗಟ್ಟಿಯಾದ ಲೋಹದ ಚೂರು ಕೂರಿಸಿರುತ್ತಾರೆ. ಅದನ್ನು ಹಿಡಿದಾಗ ಏಳುವ ಪುಡಿ ಹಿಟ್ಟಿಗಿಂತ ನಯ. ಅದು ಕಣ್ಣಿಗೆ ಕಾಣುವಂಥದ್ದೂ ಅಲ್ಲ.

ಕೆಮ್ಮು ಶುರುವಾದಾಗ ಕಾಂತಾ ಶುಂಠಿ ಕಷಾಯ ಮಾಡಿಕೊಟ್ಟಳು. ಮೆಟ್ಟಿಲು ಹತ್ತುವಾಗ ಅವನು ನಿಲ್ಲತೊಡಗಿದಾಗ ವಯಸ್ಸು ಅಂದುಕೊಂಡಳು. ಖಾನಾಪುರದಿಂದ ಚೀಲ ಹೊತ್ತು ಬಂದವನು ಬಸ್ ನಿಲ್ದಾಣದಲ್ಲಿಯೇ ಕುಸಿದು ಕೂತು, ಯಾರೋ ರಿಕ್ಷಾದಲ್ಲಿ ಮನೆಗೆ ತಂದು ಬಿಟ್ಟ ದಿನ ಮಗಳು ಸಮೃದ್ಧಿ ಹಟ ಹಿಡಿದಳು. ಮರುದಿನ ಕಾಲೇಜು ತಪ್ಪಿಸಿ, ಅಪ್ಪನನ್ನು ನೆಹರು ನಗರದ ದೊಡ್ಡ ದವಾಖಾನೆಗೆ ಕರೆದೊಯ್ದಳು. ಕಾಂತಾ ಜೊತೆಗೆ ಹೋದಳು.

ಎದೆಯ ಚಿತ್ರ ನೋಡಿದ ಡಾಕ್ಟರು ಮೊದಲು ಕೇಳಿದ್ದು ಕೆಲಸದ ಬಗ್ಗೆ.

“ಸಾಣಿ ಹಿಡಿತೀನ್ರಿ,” ಅಂದ ಕಲ್ಲಯ್ಯ.

“ನೀರು ಹಾಕಿ ಮಾಡ್ತಿದ್ರೋ, ಒಣದಾಗಿನೋ?”

“ಮೊದಲ ಹಾಕ್ತಿದ್ನಿರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಒಳಗೆ ಹೋದ ಲೋಹದ ಪುಡಿ ಹೊರಗೆ ಬರುವುದಿಲ್ಲ, ಅದು ಕೂತಲ್ಲೆಲ್ಲ ಪುಪ್ಪುಸ ಗಂಟುಗಟ್ಟಿ ಗಡುಸಾಗಿದೆ, ಇನ್ನು ಗಾಳಿ ಹಿಡಿಯುವ ಜಾಗ ಕಡಿಮೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಸಮೃದ್ಧಿ, “ಗುಳಿಗಿಗೆ ಕಡಿಮಿ ಆಗತೈತಲ್ರಿ?” ಎಂದು ಕೇಳಿದಳು. ಹೆಚ್ಚಾಗದ ಹಾಗೆ ನೋಡೋಣ ಎಂದರು ಅವರು. ಕಾಂತಾ ಆ ಉತ್ತರವನ್ನು ಮನೆಯವರೆಗೂ ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದಳು. ಅದರಲ್ಲಿ ಎಲ್ಲಿಯೂ ‘ಹೌದು’ ಇರಲಿಲ್ಲ.

ಶೆಡ್ಡಿಗೆ ಬೀಗ ಬಿತ್ತು. ಕಲ್ಲಯ್ಯನ ಮಂಚದ ಬಾಜು ಆಕ್ಸಿಜನ್ ಮಷೀನು ಬಂತು. ಅದು ಹಗಲೂ ರಾತ್ರಿ ಬುಸುಗುಡುತ್ತಿತ್ತು.

ಬೀಗ ತೆಗೆದವಳು ಕಾಂತಾ. ಅದಕ್ಕೆ ದೊಡ್ಡ ಯೋಚನೆಯೇನೂ ಕಾರಣವಲ್ಲ. ಒಂದು ಬೆಳಿಗ್ಗೆ, ಬಹಳ ವರ್ಷಗಳಿಂದ ಬರುತ್ತಿದ್ದ ದರ್ಜಿಯೊಬ್ಬ ಕತ್ತರಿ ಹಿಡಿದು ಬಾಗಿಲಿಗೆ ಬಂದ. ಕಲ್ಲಯ್ಯ ಮಲಗಿದ್ದಾನೆ ಎಂದು ಹೇಳುವ ಬದಲು ಆಕೆ, “ಸಂಜಿಗೆ ಬರ್ರಿ,” ಅಂದುಬಿಟ್ಟಳು. ಗುಂಜಿಯಲ್ಲಿ ಕುಡಗೋಲು, ಈಳಿಗೆಗಳನ್ನು ಬಾವಿಕಟ್ಟೆಯ ಕಲ್ಲಿಗೆ ಮಸೆದು ಗೊತ್ತಿದ್ದವಳು, ಇದೂ ಹಾಗೆಯೇ ಅಂದುಕೊಂಡಿದ್ದಳು. ಶೆಡ್ಡಿನಿಂದ ಒಂದು ಕಲ್ಲು ತಂದು, ಹಿತ್ತಲಲ್ಲಿ ಕೂತು, ನೀರು ಹಾಕಿ ಉಜ್ಜಿದಳು. ಎಷ್ಟು ಉಜ್ಜಿದರೂ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಜಗಿಯುತ್ತಿತ್ತು.

ಒಳಗಿನಿಂದ ಕಲ್ಲಯ್ಯನ ದನಿ ಬಂತು. “ಏನ್ ಮಾಡಾಕತ್ತಿ ಅಲ್ಲಿ?”

“ಏನಿಲ್ರಿ.”

“ಏನಿಲ್ಲಂದ್ರ ಅದು ಹಂಗ ಒದರೂದಿಲ್ಲ. ತಗೊಂಬಾ ಇಲ್ಲಿ.”

ಆಕೆ ಕತ್ತರಿ ತಂದು ಮುಂದಿಟ್ಟಳು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು. ಅವನಿಗೂ ಸಿಟ್ಟು ಬಂದಿತ್ತು, ಮುಖ ಹೇಳುತ್ತಿತ್ತು. ಆದರೆ ಬೈಯಬೇಕಾದರೂ ಉಸಿರು ಬೇಕು. ಸ್ವಲ್ಪ ಹೊತ್ತು ಕತ್ತರಿಯನ್ನು ತಿರುಗಿಸಿ ನೋಡಿ, “ದೀಪ ಹಚ್ಚು,” ಅಂದ.

ಅಂದು ಶುರುವಾಯಿತು ಪಾಠ.

ಅಲಗಿನ ಅಂಚನ್ನು ಬೆಳಕಿಗೆ ನೇರ ಹಿಡಿಯಲು ಹೇಳಿದ. ಮೊಂಡಾದ ಕಡೆ ಕೂದಲೆಳೆಯಂಥ ಬಿಳಿ ಗೆರೆ ಹೊಳೆಯಿತು. “ಹೊಳದ್ರ ಅಲ್ಲಿ ಧಾರ ಇಲ್ಲ ಅಂತ. ಧಾರ ಇದ್ದಲ್ಲಿ ಬೆಳಕಿಗೆ ಕುಂದರಾಕ ಜಾಗಾನ ಇರೂದಿಲ್ಲ.” ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದ. ಆಕೆ ಕಾಯುತ್ತಿದ್ದಳು. “ನೀ ಕುಡಗೋಲಿನಂಗ ಉಜ್ಜಿದಿ. ಅದು ಮೆತ್ತನ್ನ ಕಬ್ಬಿಣ. ಮೊಂಡ ಆದ್ರ ಅದರ ಬಾಯಿ ಬಾಗಿರತೈತಿ. ನಾಕ ಸರ್ತಿ ತಿಕ್ಕಿದ್ರ ನೆಟ್ಟಗ ಆಗತೈತಿ. ಗಟ್ಟಿ ಉಕ್ಕು ಬಾಗೂದಿಲ್ಲ. ಅದು ಉದರತೈತಿ.”

“ಉದರತೈತಿ ಅಂದ್ರ?”

“ಸಣ್ಣ ಸಣ್ಣ ಚೂರಾಗಿ ಒಡದ ಬೀಳತೈತಿ. ಕಣ್ಣಿಗೆ ಕಾಣದಂಗ. ಉಗುರಿನ ಮ್ಯಾಲೆ ಎಳಿ, ತಟ್ಟತೈತಿ.”

ಎಳೆದಳು. ಉಗುರಿಗೆ ಮರಳಿನ ಹಾಗೆ ತಟ್ಟಿತು.

ಒಡೆದುಹೋದದ್ದನ್ನು ತಿರುಗಿ ಕೂಡಿಸಲು ಬರುವುದಿಲ್ಲ. ಎಲ್ಲಕ್ಕಿಂತ ಆಳವಾಗಿ ಒಡೆದ ಜಾಗ ಯಾವುದೋ ಅದರ ಬುಡ ಮುಟ್ಟುವವರೆಗೆ ಇಡೀ ಅಲಗನ್ನು ಹಿಂದಕ್ಕೆ ತಿನ್ನಿಸಬೇಕು. ಅದಕ್ಕೇ ಒಂದು ಸಣ್ಣ ಹಲ್ಲು ಮುರಿದರೂ ಅಲಗು ಅಷ್ಟಗಲ ಕಡಿಮೆಯಾಗುತ್ತದೆ. ಅವಸರ ಮಾಡಿ ಒತ್ತಿದರೆ ಕಾಯುತ್ತದೆ, ಕಾದ ಕಡೆ ಮೊದಲು ಜೇನಿನ ಬಣ್ಣ, ಆಮೇಲೆ ನೀಲಿ. ನೀಲಿಯಾದಲ್ಲಿ ಉಕ್ಕಿನ ಜೀವ ಹೋಗಿರುತ್ತದೆ, ಮತ್ತೆ ಬೇಗ ಒಡೆಯುತ್ತದೆ. ಒಂದು ಮಗ್ಗುಲು ಹಿಡಿದಾದ ಮೇಲೆ ಇನ್ನೊಂದು ಮಗ್ಗುಲಿಗೆ ಎಳೆಯಂಥ ತೆಳು ಉಕ್ಕು ಮಡಚಿಕೊಂಡು ನಿಲ್ಲುತ್ತದೆ. ಅದನ್ನು ನಯವಾದ ಕಲ್ಲಿನಿಂದ ಸವರಿ ತೆಗೆಯದಿದ್ದರೆ ಮಾಡಿದ್ದೆಲ್ಲ ದಂಡ. ಇದಿಷ್ಟನ್ನು ಹೇಳಲು ಅವನಿಗೆ ಹಲವು ದಿನ ಬೇಕಾಯಿತು.

ಕಾಂತಾ ಹಿತ್ತಲ ಬಾಗಿಲಲ್ಲಿ ಕೂತು ಮಸೆಯುವಳು. ಅವನು ಒಳಗೆ ಮಂಚದ ಮೇಲೆ, ಮೂಗಿಗೆ ನಳಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳುವನು. “ಎತ್ತಿದಿ,” ಅನ್ನುವನು. ಆಕೆ ನೋಡಿದರೆ ನಿಜವಾಗಿಯೂ ಕೈ ಮೇಲಾಗಿರುತ್ತಿತ್ತು. ‘ಹೂಂ’ ಅಂದರೆ ಸರಿ ಇದೆ ಅಂತ. ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಕೇಳಿದ ಅದೇ ‘ಹೂಂ’. ಈಗ ಅದಕ್ಕಾಗಿ ಆಕೆ ಕಿವಿ ತೆರೆದು ಕಾಯುತ್ತಿದ್ದಳು. ಒಮ್ಮೊಮ್ಮೆ ಪಾಠ ಬೇರೆ ಕಡೆ ಹೊರಳುತ್ತಿತ್ತು. ಖಾನಾಪುರದ ಅಡ್ಡೆಯ ಮುದುಕನೊಬ್ಬ ತನಗೆ ಸಾಗವಾನಿಯ ಸಿಪ್ಪೆಯ ವಾಸನೆಯಿಂದ ಮರದ ವಯಸ್ಸು ಹೇಳುತ್ತಿದ್ದದ್ದು, ಮದುವೆಗೆ ಮೊದಲು ಆಕೆಯನ್ನು ನೋಡಲು ಗುಂಜಿಗೆ ಬಂದಾಗ ರೈಲು ಇಳಿಯುವುದನ್ನೇ ಮರೆತು ಮುಂದಿನ ನಿಲ್ದಾಣಕ್ಕೆ ಹೋಗಿ ನಡೆದುಕೊಂಡು ಬಂದದ್ದು.

“ಅದನ್ಯಾಕ ಆವಾಗ ಹೇಳಲಿಲ್ಲ?” ಎಂದಳು ಕಾಂತಾ, ನಗುತ್ತ.

“ನೀ ಕೇಳಲಿಲ್ಲ.”

ಆ ಕೆಲವು ತಿಂಗಳು ಅವರ ಸಂಸಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತು ನಡೆದ ದಿನಗಳು. ಕತ್ತರಿ, ಅಡಿಗೆ ಮನೆಯ ಚಾಕು ಇವು ಆಕೆಯ ಕೈಗೆ ಬಂದವು. ಅಕ್ಕಪಕ್ಕದ ಹೆಂಗಸರು ಚಾಕು ತಂದರು, ಬ್ಯೂಟಿ ಪಾರ್ಲರಿನವಳು ಕತ್ತರಿ ತಂದಳು. ಕಲ್ಲಯ್ಯ ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದ. ಮೊದಲು ಹಿತ್ತಲವರೆಗೆ ನಡೆಯುತ್ತಿದ್ದವನು ಆಮೇಲೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯತೊಡಗಿದ. ಪಾಠದ ನಡುವಿನ ನಿಲುಗಡೆಗಳು ಉದ್ದವಾದವು.

ಜಿನೇಂದ್ರ ಬಂದದ್ದು ಆ ದಿನಗಳಲ್ಲಿ. ಪೇಟೆಯಲ್ಲಿ ಅವರದು ಲಗ್ನಪತ್ರಿಕೆ, ಕ್ಯಾಲೆಂಡರ್ ಮಾಡುವ ಪ್ರೆಸ್ಸು. ಅವರ ತಂದೆ ಪಾರೀಸ ಅವರ ಕಾಲದಿಂದಲೂ ಕಾಗದ ಕತ್ತರಿಸುವ ಅಲಗು ಕಲ್ಲಯ್ಯನಲ್ಲಿಗೇ ಬರುತ್ತಿತ್ತು. ಮೋಸಂಬಿ ಚೀಲ ಇಟ್ಟು ಕುರ್ಚಿಯಲ್ಲಿ ಕೂತರು. ಕಲ್ಲಯ್ಯನನ್ನು ನೋಡಿ ಅವರಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ, ಹಾಗಾಗಿ ಅಲಗಿನ ಮಾತೆತ್ತಿದರು.

“ಬ್ಯಾರೆ ಕಡೆ ಕೊಟ್ಟು ನೋಡಿದ್ನಿರಿ ಅಯ್ಯನವರ. ನೋಡಾಕ ಚಂದ ಮಾಡಿ ಕೊಡ್ತಾರ. ವಾರ ನಡೆಯೂದಿಲ್ಲ. ಅಂಚು ಹರದಂಗ ಬರತೈತಿ.”

“ಹೊಳಪಿನ ಕಾಗದ?”

“ಹೌದ್ರಿ, ಈಗ ಎಲ್ಲಾ ಅದ.”

“ಅದರಾಗ ಸುಣ್ಣದಂಥ ಪುಡಿ ಇರತೈತಿ,” ಎಂದು ಕಲ್ಲಯ್ಯ ಕಾಂತಾಳ ಕಡೆ ತಿರುಗಿ ಹೇಳಿದ. ಪಾಠದ ರೂಢಿ. “ಅದು ಉಕ್ಕನ್ನ ಸವಸತೈತಿ.” ಮತ್ತೆ ಜಿನೇಂದ್ರರ ಕಡೆ ತಿರುಗಿ, “ತರ್ರಿ,” ಅಂದ.

“ಅಯ್ಯ, ಬ್ಯಾಡ್ರಿ. ನಾ ಅದಕ್ಕ ಬಂದಿಲ್ಲ.”

“ಇಕಿ ಮಾಡತಾಳ. ತರ್ರಿ.”

ಕಾಂತಾ ಬೇಡ ಅನ್ನಬೇಕಿತ್ತು. ಮಷೀನನ್ನು ಆಕೆ ಮುಟ್ಟಿಯೇ ಇರಲಿಲ್ಲ. ಆದರೆ ‘ಇಕಿ ಮಾಡತಾಳ’ ಎಂಬ ಮಾತು ಆಕೆಯ ಬಾಯಿ ಕಟ್ಟಿತು. ಮದುವೆಯಾದಾಗಿನಿಂದ ಅವನು ಹೊರಗಿನವರೆದುರು ಆಕೆಯ ಬಗ್ಗೆ ಆಡಿದ ಮೊದಲ ಹೊಗಳಿಕೆ ಅದು.

ಅಲಗು ಬಂತು. ತೋಳಿಗಿಂತ ಉದ್ದ, ಹಾವಿನ ಹಾಗೆ ತಣ್ಣಗೆ. ಅಂಚಿನಲ್ಲಿ ಅಲ್ಲಲ್ಲಿ ನೀಲಿ ಮಚ್ಚೆ, ಮಚ್ಚೆ ಇದ್ದಲ್ಲೆಲ್ಲ ಒಡೆದ ಹಲ್ಲುಗಳು. ಹಿಂದೆ ಎಷ್ಟೋ ಸಲ ಹಿಡಿದು ಹಿಡಿದು ಅಗಲ ಕಡಿಮೆಯಾಗಿತ್ತು. ಇನ್ನೊಂದು ಸಲ ತಿನ್ನಿಸಿದರೆ ಬೋಲ್ಟಿನ ತೂತುಗಳ ಹತ್ತಿರ ಬರುತ್ತದೆ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು ಎಂದ ಕಲ್ಲಯ್ಯ. ಸಮೃದ್ಧಿ ಮತ್ತು ಕಾಂತಾ ಸೇರಿ ಅವನನ್ನು ಕುರ್ಚಿಯ ಸಮೇತ ಎತ್ತಿ ತಂದು, ಆಕ್ಸಿಜನ್ನಿನ ಸಣ್ಣ ಸಿಲಿಂಡರು ಮಗ್ಗುಲಿಗಿಟ್ಟು, ಶೆಡ್ಡಿನ ಬಾಗಿಲ ಹೊರಗೆ ಗಾಳಿಗೆ ಬೆನ್ನು ಮಾಡಿ ಕೂರಿಸಿದರು. ಒಳಗೆ ಬರಬಾರದು ಎಂದು ಮಗಳು ಆಣೆ ಹಾಕಿಸಿಕೊಂಡಳು.

ಮೂಲೆಯಲ್ಲಿದ್ದ ಪಂಪು ತುಕ್ಕು ಹಿಡಿದು ಹೋಗಿತ್ತು. ಕಾಂತಾ ಕಲ್ಲಿನ ಮೇಲುಗಡೆ ಒಂದು ಡಬ್ಬಿ ತೂಗುಹಾಕಿ, ಸಲಾಯಿನ್ ನಳಿಗೆಯಿಂದ ಹನಿಹನಿಯಾಗಿ ನೀರು ಬೀಳುವಂತೆ ಮಾಡಿದಳು. ಡಬ್ಬಿ ಬೇಗ ಖಾಲಿಯಾಗುತ್ತಿತ್ತು, ಮತ್ತೆ ಮತ್ತೆ ಸ್ಟೂಲು ಹತ್ತಿ ತುಂಬಬೇಕು. ಹನಿ ಸಾಲದೆ ಪುಡಿ ಹಾರುತ್ತಲೇ ಇತ್ತು. ಆದರೂ ಆಕೆ ಬಿಡಲಿಲ್ಲ. ಕಲ್ಲು ಓಡುವ ಸದ್ದು ಕೇಳಿ ಹೊರಗಿನಿಂದ ಅವನು ಕೈ ಎತ್ತಿದರೆ ನಿಲ್ಲಿಸುವಳು, ಕೈ ಇಳಿಸಿದರೆ ಮುಂದುವರಿಸುವಳು. ಎರಡು ಮೂರು ದಿನಗಳಲ್ಲಿ ನೀಲಿ ಮಚ್ಚೆಗಳು ಸವೆದವು. ಆಳವಾಗಿ ಒಡೆದ ಹಲ್ಲುಗಳು ಉಳಿದಿದ್ದವು.

ಒಂದು ಸಂಜೆ ಮುಖ ತೊಳೆದು ಒಳಗೆ ಬಂದಾಗ ಕಲ್ಲಯ್ಯ ಆಕೆಯನ್ನೇ ನೋಡುತ್ತಿದ್ದ. ಆಕೆ ಮೂಗು ಒರೆಸಿಕೊಂಡು ಮಂಚದ ಮೇಲೆ ಎಸೆದ ಹಳೆಯ ಸೀರೆಯ ತುಂಡು ಅವನ ಕೈಯಲ್ಲಿತ್ತು. ಅದರ ಮೇಲೆ ಕಪ್ಪು ಕಲೆ. ಅವನು ಅದನ್ನು ಮಡಚಿ ದಿಂಬಿನ ಕೆಳಗಿಟ್ಟ.

ಮರುದಿನ ಕಾಂತಾ ಗುಂಜಿಗೆ ಹೊರಟಳು. ಬಹಳ ದಿನದಿಂದ ತಲೆಯಲ್ಲಿದ್ದ ಒಂದು ಆಸೆ: ಪೇಟೆಯ ಹೊಗೆ ಬಿಟ್ಟು ಅಲ್ಲಿಗೆ ಹೋಗಿ ಇದ್ದರೆ ಇವನ ಉಸಿರು ಸ್ವಲ್ಪವಾದರೂ ಸಲೀಸಾಗಬಹುದು. ತಮ್ಮ ಬಾಳೇಶನನ್ನು ಕೇಳಿ ನೋಡಬೇಕು. ಸಮೃದ್ಧಿಗೆ ಆ ದಿನ ಪರೀಕ್ಷೆ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದುಬಿಡುತ್ತೇನೆ ಅಂದಿದ್ದಳು. “ಸುಮ್ನ ಮಲ್ಕೋರಿ,” ಎಂದು ಗಂಡನಿಗೆ ಹೇಳಿ, ನೀರಿನ ಚೊಂಬು, ಗುಳಿಗೆ ಕೈಗೆ ಎಟಕುವಲ್ಲಿಟ್ಟು ಕಾಂತಾ ರೈಲು ಹಿಡಿದಳು. ಖಾನಾಪುರ ದಾಟಿದ ಮೇಲೆ ಕಿಟಕಿಯಿಂದ ಬಂದ ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಇದನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗಲು ಬರುವಂತಿದ್ದರೆ ಅನ್ನಿಸಿತು.

ಬಾಳೇಶ ಅಕ್ಕನನ್ನು ಕಂಡು ಸಂತೋಷಪಟ್ಟ. ಅವನ ಹೆಂಡತಿ ರೊಟ್ಟಿ ಬಡಿದು ಹಾಕಿದಳು. ವಿಷಯ ಹೇಳಿದಾಗ ಇಬ್ಬರೂ ಒಂದೇ ಸಲಕ್ಕೆ ‘ಬರ್ರಿ’ ಅಂದರು. ಆಮೇಲೆ ಬಾಳೇಶ ತಲೆ ಕೆರೆದುಕೊಂಡ.

“ಅಕ್ಕ, ಮಾವನ ಆಕ್ಸಿಜನ್ ಮಷೀನಿಗೆ ಕರೆಂಟ ಬೇಕಲ್ಲ?”

“ಬೇಕೋ. ಒಂದ ತಾಸ ಬಂದಾದ್ರೂ ಆಗೂದಿಲ್ಲ.”

“ಇಲ್ಲಿ ಮಳಿ ಹತ್ತಿದ್ರ ನಾಕ ದಿನಾ ಬರೂದಿಲ್ಲ. ಎಲ್ಲೆರೆ ಟೊಂಗಿ ಬಿದ್ರ ಕರೆಂಟಿನವರರ ಏನ ಮಾಡ್ತಾರ, ಅಡವಿಯೊಳಗ ಹುಡಕಬೇಕಲ್ಲ. ಹೆಚ್ಚು ಕಡಿಮಿ ಆದ್ರ ಖಾನಾಪುರಕ್ಕ ಒಯ್ಯಬೇಕು. ಅಲ್ಲಿಂದ ಬೆಳಗಾಂವಿಗೇ ಕಳಸ್ತಾರ.” ತಟ್ಟೆಯನ್ನು ಅಕ್ಕನ ಕಡೆ ಸರಿಸುತ್ತ, “ನಾ ಬ್ಯಾಡ ಅನ್ನಾಕತ್ತಿಲ್ಲ ಮತ್ತ,” ಅಂದ.

“ಗೊತ್ತೈತಿ ಬಿಡು,” ಅಂದಳು ಕಾಂತಾ. ಗಾಳಿ ಇರುವಲ್ಲಿ ಕರೆಂಟಿಲ್ಲ, ಕರೆಂಟಿರುವಲ್ಲಿ ಗಾಳಿಯಿಲ್ಲ. ಬಾಳೇಶ ಸುಳ್ಳು ಹೇಳುವವನಲ್ಲ. ಊಟ ಮಾಡಿ, ಅಕ್ಕಿ ಹಪ್ಪಳದ ಗಂಟು ಹಿಡಿದು, ಸಂಜೆಯ ಗಾಡಿಗೆ ತಿರುಗಿ ಬಂದಳು.

ಓಣಿಯ ತಿರುವಿನಲ್ಲಿಯೇ ಶೆಡ್ಡಿನ ಬಾಗಿಲು ತೆರೆದಿದ್ದು ಕಂಡಿತು. ಸಮೃದ್ಧಿ ಅಲ್ಲಿ ನೆಲದ ಮೇಲೆ ಕೂತು ಅಪ್ಪನನ್ನು ಎದೆಗೆ ಒರಗಿಸಿಕೊಂಡಿದ್ದಳು. ಪರೀಕ್ಷೆ ಮುಗಿಸಿ ಬರುವ ದಾರಿಯಲ್ಲಿ ಬಸ್ಸು ಕೆಟ್ಟು ಆಕೆಗೆ ತಡವಾಗಿತ್ತು. ದವಾಖಾನೆಯ ಗಾಡಿಗೆ ಫೋನ್ ಮಾಡಿದ್ದೇನೆ, ಬರುತ್ತಿದೆ ಎಂದು ಅಳುತ್ತ ಹೇಳಿದಳು. ಕಲ್ಲಯ್ಯನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹುಬ್ಬು, ರೆಪ್ಪೆ, ಮೂಗಿನ ನಳಿಗೆ ಎಲ್ಲದರ ಮೇಲೆ ಬೂದಿ ಬಣ್ಣದ ಪುಡಿ. ತೂಗುಹಾಕಿದ ಡಬ್ಬಿ ಖಾಲಿ ಇತ್ತು. ಸ್ಟೂಲು ಹತ್ತಿ ಅದನ್ನು ತುಂಬುವ ತ್ರಾಣ ಅವನಿಗೆಲ್ಲಿತ್ತು? ಮಷೀನಿನ ಮೇಲೆ ಅಲಗು ಮಲಗಿತ್ತು. ಅಂಚಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ಬಿಳಿ ಗೆರೆ ಇಲ್ಲ, ಬಣ್ಣ ತಿರುಗಿದ ಕಲೆ ಇಲ್ಲ. ಸಿಲಿಂಡರಿನ ಮುಳ್ಳು ಸೊನ್ನೆಗೆ ಬಂದು ನಿಂತಿತ್ತು.

“ಯಾಕ ಮಾಡಿದ್ರಿ? ನಾ ಮಾಡತಿದ್ನಲ್ಲ?” ಕಾಂತಾ ಅವನ ಮುಂದೆ ಕುಕ್ಕರಿಸಿ ಕೂಗಿದಳು. “ಯಾರರ ಕೇಳಿದ್ರೇನ ಅದನ್ನ?”

ಅವನು ಉಸಿರಿಗಾಗಿ ಬಹಳ ಹೊತ್ತು ಕಾದ. ಆಮೇಲೆ ಒಂದೊಂದೇ ಮಾತು ಬಂತು.

“ನಿನ್ನ ಮೂಗಿನಾಗ... ಬಂದಿತ್ತು. ಕರೀದು. ನಂದು... ಹೆಂಗೂ ಹೋಗೇತಿ.”

ಕಾಂತಾಳ ಸಿಟ್ಟು ಇಳಿಯಲಿಲ್ಲ. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಅವನ ಮುಖದ ಪುಡಿ ಒರೆಸಿದಳು, ಒರೆಸುತ್ತಲೇ ಬೈಯುತ್ತಿದ್ದಳು, ಗಾಡಿ ಬರುವವರೆಗೂ ಬೈದಳು. ಕನ್ನಡದಲ್ಲಿ ಮುಗಿದ ಮೇಲೆ ಮರಾಠಿಯಲ್ಲಿ ಬೈದಳು. ಅವನು ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ ಗೊತ್ತಿಲ್ಲ, ‘ಹೂಂ’ ಅನ್ನಲಿಲ್ಲ.

ದವಾಖಾನೆಯಲ್ಲಿ ಅವನು ಇನ್ನೂ ಕೆಲವು ದಿನ ಇದ್ದ. ಮುಖಕ್ಕೆ ಮುಚ್ಚಳದಂಥ ಮಾಸ್ಕು ಹಾಕಿದ್ದರಿಂದ ಮಾತಿಲ್ಲ. ಕಾಂತಾ ಮಗ್ಗುಲಲ್ಲಿ ಕೂತು ತಾನೇ ಮಾತಾಡುತ್ತಿದ್ದಳು. ಗುಂಜಿಯಲ್ಲಿ ಬಾಳೇಶ ಹೊಸ ಕೊಟ್ಟಿಗೆ ಹಾಕಿಸಿದ್ದು, ಅವನ ಹೆಂಡತಿಯ ರೊಟ್ಟಿ ದಪ್ಪ ಆಗಿದ್ದು. ಕರೆಂಟಿನ ವಿಷಯ ಮಾತ್ರ ಹೇಳಲಿಲ್ಲ. “ಮಳಿಗಾಲ ಮುಗಿಲಿ, ಹೋಗೂಣು,” ಅಂದಳು. ಮಾಸ್ಕಿನ ಮೇಲುಗಡೆ ಅವನ ಕಣ್ಣು ಆಕೆಯ ಮುಖದಿಂದ ಸರಿಯಲಿಲ್ಲ. ಅವನಿಗೆ ಇವೆಲ್ಲ ಮೊದಲೇ ಗೊತ್ತಿರಬೇಕು. ಗುಂಜಿಯ ಕರೆಂಟಿನ ಕಥೆ ಯಾರಿಗೆ ಗೊತ್ತಿಲ್ಲ. ಮಳೆಗಾಲ ಮುಗಿಯುವ ಮೊದಲೇ, ಒಂದು ಬೆಳಗಿನ ಜಾವ, ನರ್ಸು ಸಮೃದ್ಧಿಯನ್ನು ಹೊರಗೆ ಕರೆದು ಹೇಳಿದಳು. ಬಾಳೇಶ ಬಂದ. ಅವರ ಪದ್ಧತಿಯಂತೆ ಕೂಡ್ರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದರು. ತೊಳೆಯುವಾಗ ಅವನ ಉಗುರಿನ ಸಂದಿನ ಕಪ್ಪು ಎಷ್ಟು ಉಜ್ಜಿದರೂ ಹೋಗಲಿಲ್ಲ ಎಂದು ಬಾಳೇಶ ಆಮೇಲೆ ಹೇಳಿದ.

ಅಲಗನ್ನು ಜಿನೇಂದ್ರ ಒಯ್ದಿದ್ದರು. ವಿಷಯ ಕೇಳಿದ ಮೇಲೆ ಅವರಿಗೆ ಅದನ್ನು ಮುಟ್ಟುವುದಕ್ಕೂ ಸಂಕಟ, ಬಿಡುವುದಕ್ಕೂ ಸಂಕಟ. “ಇದಕ್ಕೋಸ್ಕರ ಹಿಂಗಾಗತೈತಿ ಅಂತ ತಿಳದಿದ್ರ ನಾ ಈ ಬಾಗಲಾನ ತುಳೀತಿದ್ದಿಲ್ರಿ ಅಕ್ಕಾರ,” ಎಂದು ಕಣ್ಣೀರು ಹಾಕಿದರು. ನೀವೇನು ಮಾಡುತ್ತೀರಿ ಅಣ್ಣಾರ, ತರಲು ಹೇಳಿದವರು ಅವರೇ ಅಲ್ಲವೇ ಎಂದು ಕಾಂತಾ ಸಮಾಧಾನ ಹೇಳಬೇಕಾಯಿತು. ಒಂದು ಹಂಗಾಮಿನ ಲಗ್ನಪತ್ರಿಕೆಗಳನ್ನೆಲ್ಲ ಅದು ಕತ್ತರಿಸಿತಂತೆ. ಮುಂದಿನ ವರ್ಷ ಅವರ ಮಗ ವಿನೀತ, ಮಂದಿ ಮೊಬೈಲಿನಲ್ಲೇ ಪತ್ರಿಕೆ ಕಳಿಸುತ್ತಾರೆ, ಇನ್ನು ಇದು ನಡೆಯುವುದಿಲ್ಲ ಎಂದು ಲೆಕ್ಕ ಹಾಕಿ ಪ್ರೆಸ್ಸು ಮುಚ್ಚಿಸಿದ. ಕತ್ತರಿಸುವ ಮಷೀನು ಅಲಗಿನ ಸಮೇತ ಗುಜರಿಗೆ ಹೋಯಿತು. ಇದನ್ನು ಜಿನೇಂದ್ರ ಹೇಳಲಿಲ್ಲ. ಪೇಟೆಯಲ್ಲಿ ಅಂಗಡಿಯ ಬಾಗಿಲಿಗೆ ಬೇರೆ ಬೋರ್ಡು ಬಿದ್ದದ್ದನ್ನು ಕಾಂತಾ ತಾನೇ ನೋಡಿದಳು, ಪಕ್ಕದ ಅಂಗಡಿಯವನನ್ನು ಕೇಳಿ ತಿಳಿದುಕೊಂಡಳು. ಬಂದ ಕೆಲಸ ಏನೆಂಬುದು ನೆನಪಾಗದೆ ಮನೆಗೆ ತಿರುಗಿದಳು.

ಕಲ್ಲಯ್ಯನ ಮಷೀನನ್ನು ಕೊಳ್ಳುವವರು ಸಿಗಲಿಲ್ಲ. ತೂಕಕ್ಕೆ ಒಯ್ದರು. ಕತ್ತರಿ, ಚಾಕು ತರುವವರು ಒಂದಷ್ಟು ದಿನ ತಂದರು, ಆಮೇಲೆ ಅವರೂ ಕಡಿಮೆಯಾದರು. ಮೊಂಡಾದರೆ ಎಸೆದು ಹೊಸದು ತರುವುದು ಸುಲಭ. ಸಮೃದ್ಧಿಗೆ ಧಾರವಾಡದಲ್ಲಿ ಸಣ್ಣ ಕೆಲಸ ಸಿಕ್ಕಿತು. ಬಂದಾಗಲೆಲ್ಲ ಆಕೆಯದು ಒಂದೇ ಮಾತು.

“ಅವ್ವಾ, ನೀನೂ ಒಂದ ಸಲ ಎದಿ ತೋರಿಸ್ಕೋ.”

“ನನಗೇನ ಆಗೇತಿ? ಎರಡ ದಿನಾ ಕುಂತಿದ್ನಿ ಅಷ್ಟ.”

“ಆದ್ರೂ.”

“ತೋರಿಸಿದ್ರ ಏನ ಹೇಳ್ತಾರ? ಹೆಚ್ಚಾಗದಂಗ ನೋಡೂಣು ಅಂತಾರ. ಬಿಡು.”

ಈಗ ಕಾಂತಾ ನೆಹರು ನಗರದ ಕಡೆ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ಕಾಯಿಪಲ್ಯೆ ಹೆಚ್ಚುತ್ತಾಳೆ. ಬೆಳಿಗ್ಗೆಯಿಂದ ಉಳ್ಳಾಗಡ್ಡಿ, ಬದನೆಕಾಯಿ, ಕೋಸು. ಪ್ಲಾಸ್ಟಿಕ್ ಹಿಡಿಕೆಯ ತೆಳುವಾದ ಚಾಕುಗಳು ಡಜನ್ ಲೆಕ್ಕದಲ್ಲಿ ಬರುತ್ತವೆ, ಮೊಂಡಾದವು ಕಸದ ಬುಟ್ಟಿಗೆ ಹೋಗುತ್ತವೆ. ಮೊನ್ನೆ ಮಗ್ಗುಲಲ್ಲಿ ಕೂತವಳು ಟೊಮೆಟೊ ಜಜ್ಜಿಹೋದದ್ದಕ್ಕೆ ರೇಗಿ, “ಇದಕ್ಕ ಸಾಣಿ ಹಿಡಿಯವ್ರು ಯಾರೂ ಉಳಿದಿಲ್ಲೇನ ಊರಾಗ?” ಎಂದಳು. ಚಾಕನ್ನು ಬೆಳಕಿಗೆ ಹಿಡಿಯುವಷ್ಟು ಕಾಂತಾಳ ಕೈ ಎದ್ದಿತ್ತು.

“ಯಾರಿಗ್ಗೊತ್ತ,” ಅಂದು ಆಕೆ ಕೈ ಇಳಿಸಿ ಮುಂದಿನ ಉಳ್ಳಾಗಡ್ಡಿ ತೆಗೆದುಕೊಂಡಳು.